ಸುಮ್ಮನಾದ ರೇಡಿಯೋ

ಕೊಯ್ಲು ಮುಗಿದು ಒಣಗಾಳಿ ಬೀಸುವ ಕಾಲ. ಹಗ್ಗ ಹೊಸೆಯುವವರಿಗೆ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಅಂಗಳದ ಆ ತುದಿಯಲ್ಲಿ ಅಜ್ಜಿ ರಾಟೆ ತಿರುಗಿಸುತ್ತಿದ್ದಳು. ಈ ತುದಿಯಲ್ಲಿ ಸೊಸೆ ಸೊಂಟಕ್ಕೆ ನಾರಿನ ಕಟ್ಟು ಸಿಕ್ಕಿಸಿಕೊಂಡು, ಎಳೆ ಬಿಡುತ್ತ ಬಿಡುತ್ತ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಇಬ್ಬರ ನಡುವೆ ಸೊಸೆಯ ಆರು ವರ್ಷದ ಮಗಳು, ದಪ್ಪ ಕನ್ನಡಕದವಳು, ಬಾಯಿಗೆ ಬಿಡುವೇ ಕೊಡದೆ ಓಡಾಡುತ್ತಿದ್ದಳು. ಇರುವೆಗೆ ಕಿವಿ ಇದೆಯಾ? ಹಗ್ಗಕ್ಕೆ ತಲೆ ಯಾವ ಕಡೆ? ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ರೇಡಿಯೋ ಎಂದೇ.

"ಲೇ ರೇಡಿಯೋ, ನಿನ್ನ ಮಾತು ಕೇಳ್ತಾ ಎಳೆ ತಪ್ಪೋಯ್ತು ನೋಡು!" ಎಂದು ಅಮ್ಮ ಗದರಿದಳು. "ಒಂದೇ ಒಂದು ದಿನ ಸುಮ್ನಿರು. ಕೆಂಪು ರಿಬ್ಬನ್ ಕೊಡಿಸ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಮಗಳು ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ರಾಟೆ ಹತ್ತು ಸುತ್ತು ತಿರುಗುವಷ್ಟರಲ್ಲಿ, "ಬೆರಳು ತೆಗೆದ್ರೂ ಸುಮ್ನಿದ್ದ ಹಾಗೇನಾ?" ಎಂದು ಕೇಳಿ ಪಂದ್ಯ ಸೋತಳು.

ಮರುದಿನ ಜ್ವರ ಬಂತು. ಮೂರನೆಯ ದಿನ ಏದುಸಿರು. ದೊಡ್ಡಾಸ್ಪತ್ರೆಯವರು ಎದೆಯಲ್ಲಿ ಸೋಂಕು ಎಂದು ಐಸಿಯುಗೆ ಸೇರಿಸಿಕೊಂಡರು. ಗಂಟಲಿಗೆ ನಳಿಗೆ, ಉಸಿರಿಗೆ ಯಂತ್ರ, ಸಂಕಟ ತಿಳಿಯದಿರಲೆಂದು ನಿದ್ದೆ ಬರುವ ಔಷಧಿ. ಐದು ದಿನ ಹಾಗೇ ಕಳೆಯಿತು. ಆರನೆಯ ದಿನ ನಳಿಗೆ ತೆಗೆದರು. ಮಗು ಕಣ್ಣು ಬಿಟ್ಟಿತು.

ಮಾತು ಮಾತ್ರ ಇಲ್ಲ. ಗಂಟಲು ನೊಂದಿರಬೇಕು ಎಂದುಕೊಂಡರು. ಇನ್ನೂ ಎರಡು ದಿನ ಹೋಯಿತು.

ಪಕ್ಕದ ಹಾಸಿಗೆಯ ಹುಡುಗ ಕೂಗಾಡಿ, ಕೈಗೆ ಹಾಕಿದ ಸೂಜಿ ಕೀಳಲು ಹೋಗುತ್ತಿದ್ದ. ಅವನ ಸುತ್ತ ಯಾವಾಗಲೂ ಮೂರು ನಾಲ್ಕು ಜನ ನರ್ಸು, ಡಾಕ್ಟರು.

"ನಮ್ಮದು ನೋಡು, ಎಷ್ಟು ಜಾಣ ಮಗು ಆಗಿ ಮಲಗಿದೆ," ಎಂದಳು ಅಜ್ಜಿ. "ಅಳು ಇಲ್ಲ, ಹಟ ಇಲ್ಲ. ಯಾರಿಗೂ ತೊಂದರೆ ಇಲ್ಲ."

"ಅತ್ತೆ, ಇದು ಜಾಣತನ ಅಲ್ಲ."

"ಮತ್ತಿನ್ನೇನು? ಜ್ವರ ಬಿಟ್ಟಿದೆ, ಉಸಿರು ಆಡ್ತಿದೆ. ಸುಮ್ನಿದ್ರೂ ತಪ್ಪು ಅಂತೀಯಲ್ಲ!"

ಅಮ್ಮ ಮಗಳ ಮುಖದ ಹತ್ತಿರ ಬಾಗಿದಳು. ಮಗಳ ನೋಟ ಅವಳನ್ನು ದಾಟಿ ಗೋಡೆಗೆ ಹೋಯಿತು. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಇಲ್ಲದ ನಾರನ್ನು ಬಿಡಿಸುತ್ತಲೇ ಇದ್ದವು.

"ಟೈಮ್ ಆಯ್ತಮ್ಮ, ಹೊರಗೆ ನಡೀರಿ," ಎಂದ ಬಾಗಿಲು ಕಾಯುವವನು.

"ನಾನು ಹೋಗಲ್ಲ."

"ಏನಮ್ಮ?"

"ಹೋಗಲ್ಲ ಅಂದೆ. ಈ ಮಗು ನಿದ್ದೇಲೂ ಮಾತಾಡೋದು. ಎರಡು ದಿನದಿಂದ ನನ್ನ ಗುರುತು ಹಿಡೀತಿಲ್ಲ. ಏನಾಗಿದೆ ಅಂತ ಯಾರಾದ್ರೂ ಹೇಳೋ ತನಕ ಈ ಮಂಚದ ಕಾಲು ಬಿಡಲ್ಲ. ಬೇಕಾದ್ರೆ ಮಂಚದ ಸಮೇತ ಹೊರಗೆ ಹಾಕಿ."

"ಬಾಯಿ ಮುಚ್ಚೇ, ಮಾನ ಹೋಗುತ್ತೆ!" ಎಂದು ಅಜ್ಜಿ ಸೆರಗು ಜಗ್ಗಿದಳು. ಸೊಸೆ ಜಗ್ಗಲಿಲ್ಲ.

ಗಲಾಟೆ ಕೇಳಿ ಆಗ ತಾನೇ ಪಾಳಿಗೆ ಬಂದಿದ್ದ ನರ್ಸಮ್ಮ ಬಂದಳು. ಕಾವಲಿನವನನ್ನು ಕಳಿಸಿ, ಒಂದು ಸ್ಟೂಲು ಎಳೆದು ಕೊಟ್ಟಳು. "ಕೂತ್ಕೊಳ್ಳಿ. ಈ ಹಾಳೇಲಿ ಎಂಟು ಪ್ರಶ್ನೆ ಇವೆ. ಪ್ರತಿ ಪಾಳೀಲೂ ಕೇಳ್ಬೇಕಾದ್ದು. ಹಿಂದಿನವರು 'ಶಾಂತವಾಗಿದೆ' ಅಂತ ಬರೆದಿದ್ದಾರೆ. ಅವರಿಗೆ ನಿಮ್ಮ ಮಗು ಹೇಗಿರ್ತಿತ್ತು ಅಂತ ಗೊತ್ತಿಲ್ಲ. ನಿಮಗೆ ಗೊತ್ತು. ಕಣ್ಣಿಗೆ ಕಣ್ಣಿಟ್ಟು ನೋಡ್ತಾಳಾ?"

"ಇಲ್ಲ."

"ಕೈ ಒಂದು ಉದ್ದೇಶ ಇಟ್ಕೊಂಡು ಆಡುತ್ತಾ? ಎಲ್ಲಿದ್ದೀನಿ ಅನ್ನೋ ಅರಿವು? ಬೇಕು ಬೇಡ ಹೇಳ್ತಾಳಾ?"

"ಇಲ್ಲ. ಇಲ್ಲ. ಒಂದೂ ಇಲ್ಲ."

"ಚಡಪಡಿಕೆ? ಸಮಾಧಾನ ಮಾಡಿದ್ರೂ ನಿಲ್ಲದ ಅಳು?"

"ಅತ್ತಿದ್ರೆ ನಾನೇ ಸಮಾಧಾನ ಪಟ್ಕೋತಿದ್ದೆ."

"ಎಚ್ಚರ ಇದ್ದೂ ಚಟುವಟಿಕೆ ಕಮ್ಮಿನಾ? ಮಾತಾಡಿಸಿದ್ರೆ ಓಗೊಡೋದು ತಡಾನಾ?"

"ತಡ ಏನು ಬಂತು, ಓಗೊಡೋದೇ ಇಲ್ಲ."

ನರ್ಸಮ್ಮ ಪ್ರತಿ ಉತ್ತರಕ್ಕೂ ಹಾಕಿದ್ದ ಅಂಕ ಕೂಡಿ ತಲೆ ಎತ್ತಿದಳು. "ಡೆಲಿರಿಯಂ ಇರೋ ಹಾಗಿದೆ. ನೀವೆಲ್ಲ ಸನ್ನಿ ಅಂತೀರಲ್ಲ, ಅದು."

"ಸನ್ನಿನಾ?" ಅಜ್ಜಿ ನಂಬಲಿಲ್ಲ. "ಸನ್ನಿ ಹಿಡಿದವರು ಕೂಗಾಡಲ್ವಾ ತಾಯಿ? ಇದು ಕಲ್ಲಿನ ಹಾಗೆ ಬಿದ್ದಿದೆ."

"ಕೂಗೋ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತೆ ಅಜ್ಜಿ. ಸುಮ್ನಿರೋ ಸನ್ನಿ ಯಾರ ಕಣ್ಣಿಗೂ ಬೀಳಲ್ಲ. ಜಾಣ ಮಗು ಅಂತ ಬಿಟ್ಬಿಡ್ತೀವಿ."

"ಹಂಗಾದ್ರೆ ತಲೆ ಕೆಟ್ಟುಹೋಯ್ತಾ?"

"ಇಲ್ಲ. ಇದು ಹುಚ್ಚೂ ಅಲ್ಲ, ಹಟಾನೂ ಅಲ್ಲ. ಕಾಯಿಲೆ, ಔಷಧಿ, ನಿದ್ದೆಗೇಡು ಎಲ್ಲ ಸೇರಿ ಮಿದುಳಿಗೆ ಕವಿಯೋ ಮಂಕು. ಬೇಗ ಕಂಡುಹಿಡಿದು ಕಾರಣ ಸರಿಮಾಡಿದ್ರೆ ಸಾಮಾನ್ಯವಾಗಿ ಇಳಿಯುತ್ತೆ. ಬಿಟ್ರೆ ಚೇತರಿಕೆ ನಿಧಾನ ಆಗಬಹುದು. ಮನೇಲಿ ಕನ್ನಡಕ ಹಾಕ್ತಿದ್ಲಾ?"

ಅಮ್ಮ ನಾಲಗೆ ಕಚ್ಚಿಕೊಂಡಳು. ಕನ್ನಡಕ ಅವಳ ಚೀಲದ ತಳದಲ್ಲಿತ್ತು. ಒಮ್ಮೆ ಒಡೆದಿದ್ದರಿಂದ, ಮತ್ತೆ ಒಡೆಯದಿರಲಿ ಎಂದು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ಎಂಟು ದಿನದಿಂದ ಮಗಳಿಗೆ ಲೋಕವೇ ಮಬ್ಬು.

ಡಾಕ್ಟರು ಬಂದು ಸೋಂಕು, ನೋವು, ಆಮ್ಲಜನಕ ಎಲ್ಲ ಮತ್ತೆ ನೋಡಿದರು. ಇನ್ನೂ ನಡೆಯುತ್ತಿದ್ದ ನಿದ್ದೆ ಔಷಧಿಯನ್ನು ಹಂತಹಂತವಾಗಿ ಇಳಿಸಿದರು. ಹಗಲು ಕಿಟಕಿಯ ಪರದೆ ಸರಿಸಿ, ಕತ್ತಲಾದ ಮೇಲೆ ದೀಪ ತಗ್ಗಿಸಲು ಹೇಳಿದರು. ಅಮ್ಮ ಪಕ್ಕದಲ್ಲೇ ಇರಲಿ ಎಂದೂ ಬರೆದರು. ಅವಳು ಮಗಳ ಮೂಗಿಗೆ ಕನ್ನಡಕ ಏರಿಸಿ, ಇವತ್ತು ಯಾವ ವಾರ, ಇದು ಯಾವ ಜಾಗ, ನಾನು ಯಾರು ಎಂದು ಮತ್ತೆ ಮತ್ತೆ ಹೇಳಿದಳು. ಅಜ್ಜಿ ಅಂಗಳದ ಇರುವೆಗಳ ಸುದ್ದಿ ಹೇಳಿದಳು. ಪಾಳಿ ಬದಲಾದಾಗಲೆಲ್ಲ ಆ ಎಂಟು ಪ್ರಶ್ನೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ನೋಟ ಒಂದು ಕ್ಷಣ ನಿಂತು ಜಾರಿತು. ಮಂಕಿನ ಅಂಕ ಸ್ವಲ್ಪ ಇಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಮಗಳು ಸಲೈನ್ ನಳಿಗೆಯನ್ನೇ ನೋಡುತ್ತಿದ್ದಳು. ಒಡಕು ದನಿಯಲ್ಲಿ ಕೇಳಿದಳು: "ಅಮ್ಮ, ಇದಕ್ಕೆ ತಲೆ ಯಾವ ಕಡೆ?"

ಅಜ್ಜಿ ಅತ್ತಳು. ಅಮ್ಮ ನಕ್ಕಳು. ಆಮೇಲೆ ಅವಳೂ ಅತ್ತಳು.

ಸಂಜೆಯ ಹೊತ್ತಿಗೆ ಮಗಳ ತಗಾದೆ ಶುರುವಾಯಿತು. "ನಾನು ತುಂಬಾ ದಿನ ಸುಮ್ನಿದ್ನಂತೆ. ಅಜ್ಜಿ ಹೇಳಿದ್ಲು. ಎಲ್ಲಿ ನನ್ನ ರಿಬ್ಬನ್?"

"ಕೊಡಲ್ಲ."

"ನೀನು ಮಾತು ಕೊಟ್ಟಿದ್ದೆ!"

"ಕೊಟ್ಟಿದ್ದೆ. ತಪ್ತೀನಿ. ಸುಮ್ನಿದ್ದಿದ್ದಕ್ಕೆ ಈ ಜನ್ಮದಲ್ಲಿ ನಿಂಗೆ ಏನೂ ಕೊಡಲ್ಲ."

ಓದುತ್ತಿರುವ ಅಕ್ಕ, ಅಣ್ಣ, ಕೇಳಿ. ನಿಮ್ಮ ಮಗು ಐಸಿಯುನಲ್ಲಿದ್ದು ಕೂಗಾಡಿದರೂ ಸರಿ, ಕಲ್ಲಿನಂತೆ ಮಲಗಿದರೂ ಸರಿ, "ಇದು ನಮ್ಮ ಮಗುವಿನ ರೀತಿ ಅಲ್ಲ" ಎಂದು ನಿಮಗೆ ಅನ್ನಿಸಿದರೆ ಗಟ್ಟಿಯಾಗಿ ಹೇಳಿ. "ಡೆಲಿರಿಯಂ ಪರೀಕ್ಷೆ ಮಾಡಿದ್ರಾ? ಇವತ್ತು ಮಾಡಿದ್ರಾ?" ಎಂದು ಕೇಳಿ. ಇದಕ್ಕೆ ಸೂಜಿ ಬೇಡ, ರಕ್ತ ಬೇಡ. ನೋಡುವ ಕಣ್ಣು ಸಾಕು. ಕನ್ನಡಕ, ಕಿವಿಯ ಯಂತ್ರ, ಕೈಬಿಡದ ಗೊಂಬೆ ಯಾವುದಿದ್ದರೂ ಚೀಲದಲ್ಲಿ ಜೋಪಾನ ಮಾಡಬೇಡಿ, ಡಾಕ್ಟರನ್ನು ಕೇಳಿ ಮಗುವಿಗೆ ಕೊಡಿ. ಕೇಳಿದರೆ ಮಾನ ಹೋಗುವುದಿಲ್ಲ.

ಹಗ್ಗದ ಅಂಗಳದಲ್ಲಿ ಈಗ ಮತ್ತೆ ರಾಟೆ ತಿರುಗುತ್ತಿದೆ, ಎಳೆ ತಪ್ಪುತ್ತಲೇ ಇದೆ. ದಿನಕ್ಕೆ ಹತ್ತು ಸಲ ರೇಡಿಯೋ ರಿಬ್ಬನ್ ಕೇಳುತ್ತದೆ. ಆ ಸಾಲ ಇನ್ನೂ ತೀರಿಲ್ಲ. ಅಮ್ಮ ತೀರಿಸುವುದೂ ಇಲ್ಲ.