ಹೇಳಿಯೇ ಹೊರಡುವ ಓಣಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಕುಬಸ ಹೊಲಿದು ಬದುಕಿದ ನೀಲಗಂಗವ್ವ. ಸೋಬಾನ ಪದಗಳನ್ನು ಹುಡುಕಿಕೊಂಡು ಅವರ ಓಣಿಗೆ ಹೋಗಿದ್ದ ವರ್ಷ, ಬೇಸಿಗೆಯ ಒಂದು ಇಳಿಹೊತ್ತಿನಲ್ಲಿ, ನೆರೆಯ ಹೆಂಗಸರೊಡನೆ ಕುಳಿತು ಕೇಳಿದೆ. ಬಾಗಿಲ ಚೌಕಟ್ಟಿನ ಮೇಲೆ ಊರಿದ ಒಂದು ಕೈಯಿಂದ ಅವರು ಕತೆಯನ್ನು ಆರಂಭಿಸಿದರು. ಅದು ಅವರ ಮಗ ಈರಣ್ಣನ ಕೈ.

ಸಾವಾದ ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನಬಾರದೆಂಬುದು ಸುತ್ತಲ ಊರುಗಳ ರೂಢಿ. ಆ ಓಣಿಯಲ್ಲಿ ಮಾತ್ರ ಎಲ್ಲರೂ ಹೇಳಿಯೇ ಹೊರಡುತ್ತಿದ್ದರು. ಕಾರಣ ಕೇಳಿದ್ದಕ್ಕೆ ಬಂದ ಉತ್ತರ ಇದು.

ಈರಣ್ಣನಿಗೆ ಬದುಕು ಬೇಡವಾಗಿದ್ದ ಕಾಲ. ಊರ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕಾಶೀಬಾಯಿ ಎಂಬ ಆಪ್ತಸಮಾಲೋಚಕಿ ಇದ್ದರು. ವಾರಕ್ಕೊಮ್ಮೆ ಆತ ಅವರೆದುರು ಕುಳಿತು ಮನಸ್ಸಿನ ಭಾರ ಇಳಿಸುತ್ತಿದ್ದ. ತಾಯಿ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು. ಎದ್ದವರು ಚೌಕಟ್ಟು ಹಿಡಿದು ‘ಬರ್ತೀನಿ’ ಎನ್ನುವವರೆಗೆ ಕಾಶೀಬಾಯಿ ಮುಂದಿನವರನ್ನು ಕರೆಯುತ್ತಿರಲಿಲ್ಲ. ಹೇಳದವರನ್ನು ಮತ್ತೆ ಕೂರಿಸಿ ಮಾತಾಡಿಸುತ್ತಿದ್ದರು.

“ಸುಮ್ನ ಹೊಂಟ್ಯಲ್ಲೋ ಈರಣ್ಣ, ನನ್ನ ಮಾತು ಅಷ್ಟು ಬ್ಯಾಸರಾತೇನು?”

“ಮಾತಲ್ರೀ ಬಾಯಾರ, ನಿಮ್ಮ ಸಪ್ಪನ ಚಹಾ ಬ್ಯಾಸರಾಗೇತಿ. ಬರ್ತೀನಿ, ಬರ್ತೀನಿ.”

ಒಳಗಿನಿಂದ ನಗು ಕೇಳಿಸಿದ ದಿನ ತಾಯಿಗೆ ಅನ್ನ ರುಚಿಸುತ್ತಿತ್ತು.

ಆ ದಿನಗಳಲ್ಲೇ ಕಾಶೀಬಾಯಿಯ ಗಂಡ ತೀರಿಕೊಂಡರು. ಕಾಯುವವರಿದ್ದಾರೆಂದು ಅವರು ಬೇಗನೆ ಕೆಲಸಕ್ಕೆ ಮರಳಿದರು. ಸೂತಕ ಕಳೆಯದವರ ಎದುರು ‘ಬರ್ತೀನಿ’ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಕೈಮುಗಿದು ಸುಮ್ಮನೆ ಹೊರಟರು. ಅದು ತಮಗೆ ತೋರುವ ಮರ್ಯಾದೆಯೆಂದು ಕಾಶೀಬಾಯಿ ಯಾರನ್ನೂ ತಡೆಯಲಿಲ್ಲ. ಈರಣ್ಣನೂ ಚೌಕಟ್ಟಿನ ಮೇಲೆ ಕ್ಷಣಕಾಲ ಕೈಯಿಟ್ಟು, ಮಾತಿಲ್ಲದೆ ಹೊರಬಂದ. ಮಗನಿಗೆ ರೀತಿನೀತಿ ತಿಳಿದಿದೆಯಲ್ಲ ಎಂದು ತಾಯಿ ಸಮಾಧಾನಪಟ್ಟರು.

ಮುಂದಿನ ವಾರದ ಹೊತ್ತಿಗೆ ಈರಣ್ಣ ಇರಲಿಲ್ಲ. ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ.

ಕಾಶೀಬಾಯಿ ಮನೆಗೆ ಬಂದರು. ನೀಲಗಂಗವ್ವನ ಪಕ್ಕದಲ್ಲಿ ಕುಳಿತು, “ಕೂರಿಸಿ ಕೇಳಬೇಕಿತ್ತವ್ವ, ಕೇಳಲಿಲ್ಲ ನಾ” ಅಂದರು. ಆಮೇಲೆ ರೂಢಿಯಂತೆ ಮಾತಿಲ್ಲದೆ ಎದ್ದು ಬಾಗಿಲಿಗೆ ನಡೆದರು. ಚೌಕಟ್ಟಿನ ಮೇಲೆ ಕೈಯಿಟ್ಟರು. ಆ ಕೈ ಕಂಡೊಡನೆ ನೀಲಗಂಗವ್ವ ಓಡಿಹೋಗಿ ಅದನ್ನು ಹಿಡಿದುಕೊಂಡರು.

“ಬರ್ತೀನಿ ಅಂತ ಹೇಳ್ರೀ ಬಾಯಾರ.”

“ಇಂಥಾ ಮನ್ಯಾಗ ಹಂಗನ್ನಬಾರದವ್ವ.”

“ಸುಡ್ರೀ ಆ ಶಾಸ್ತ್ರ! ಮಗ ಸುಮ್ನ ಹೋದ. ನಿಮ್ಮನ್ನ ಹಂಗ ಬಿಡಾಂಗಿಲ್ಲ ನಾ. ಹೇಳ್ರಿ.”

ಕಾಶೀಬಾಯಿ ಹೊಸ್ತಿಲಲ್ಲೇ ಕುಸಿದರು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ. ಕೊನೆಗೆ, “ಬರ್ತೀನವ್ವ” ಎಂದರು.

ಬಂದರು ಕೂಡ, ಈರಣ್ಣ ಆಸ್ಪತ್ರೆಗೆ ಹೋಗುತ್ತಿದ್ದ ದಿನದಂದೇ, ವಾರವಾರವೂ, ತಾವಿರುವತನಕ. ಅಂದಿನಿಂದ ಓಣಿಯವರೂ ಹೇಳಿಯೇ ಹೊರಡತೊಡಗಿದರು. ಇದೇ ಕತೆಯನ್ನು ಮುಂದೆ ಬೇರೆಯವರ ಬಾಯಲ್ಲೂ ಕೇಳಿದೆ. ಕೆಲವರು ಈರಣ್ಣನ ಹೆಸರನ್ನೇ ಬಿಟ್ಟುಬಿಟ್ಟಿದ್ದರು. ನಾನು ತಾಯಿ ಹೇಳಿದ್ದನ್ನೇ ಉಳಿಸಿಕೊಂಡಿದ್ದೇನೆ.

ಕತೆ ಮುಗಿದಾಗ ಓಣಿಯ ಬಿಸಿಲು ಇಳಿದಿತ್ತು. ಹೆಂಗಸರು ಸೆರಗು ಕೊಡವಿ ಎದ್ದರು. ಒಬ್ಬೊಬ್ಬರೂ ಚೌಕಟ್ಟು ಮುಟ್ಟಿ “ಬರ್ತೀನವ್ವ” ಎಂದು ಮನೆಗೆ ಹೋದರು. ನೀಲಗಂಗವ್ವ ಕಣ್ಣು ಮುಚ್ಚಿ ಒಂದೊಂದು ದನಿಯನ್ನೂ ಕೇಳಿಸಿಕೊಂಡರು. ನಾನು ಚಪ್ಪಲಿ ಮೆಟ್ಟುವಾಗಲೂ ಅವರು ಕಣ್ಣು ತೆರೆದಿರಲಿಲ್ಲ. ನನ್ನದೊಂದು ದನಿ ಬಾಕಿಯಿತ್ತು.