ಒಂದು ಗಂಟೆಯ ಮಳೆ

ನೆಲದಿಂದ, ಗಿಡದಿಂದ ದಿನಕ್ಕೆ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎಂದು ಅಂದಾಜು ಮಾಡಲು ಕಂಪ್ಯೂಟರಿಗೆ ಕಲಿಸುವುದು ಅವಳ ಕೆಲಸ. ಹಿಮದ ಊರು, ಜೌಗು ಊರು, ಕಡಲತೀರ, ಒಣಭೂಮಿ ಎಂದು ನಾಲ್ಕು ಕಡೆಯ ಎರಡು ವರ್ಷದ ಅಂಕಿಗಳನ್ನು ಅದಕ್ಕೆ ಉಣಿಸಿದ್ದಳು. ಎಲ್ಲ ಚೆನ್ನಾಗಿ ಕಲಿತ ಕಂಪ್ಯೂಟರು ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಬಿರುಬಿಸಿಲಿನ ಒಣಭೂಮಿಯಲ್ಲಿ ಜೋರು ಮಳೆ ಎನ್ನುತ್ತಿತ್ತು. ಒಂದೂ ಮುಕ್ಕಾಲಿಗೆ ಆ ನೀರೆಲ್ಲ ಮಂಗಮಾಯ.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಏನಮ್ಮಾ ಇದು? ಹಿಮ ಬೀಳೋ ಊರಲ್ಲೂ ಒಂದು ಗಂಟೆಗೆ ಮಳೆ ಅಂತಿದೆ!"

"ಒಣಭೂಮಿ ಸಹವಾಸ ಸಾರ್, ಅಲ್ಲಿಂದ ಕಲಿತಿದೆ. ಹೋಗಿ ನೋಡ್ಕೊಂಡು ಬರ್ತೀನಿ."

ಒಣಭೂಮಿಯ ಕೇಂದ್ರ ನೋಡಿಕೊಳ್ಳುವವನು ಅವಳ ಸೋದರಮಾವ. ವಯಸ್ಸು ಐವತ್ತು, ಮದುವೆ ಎಂದರೆ ಊಟದ ತಟ್ಟೆ ಬಿಟ್ಟು ಏಳುವ ಆಸಾಮಿ. ಅಲ್ಲಿ ಮಂಚದಷ್ಟಗಲದ ತೊಟ್ಟಿಯನ್ನು ನೆಲದಲ್ಲಿ ಹೂತು, ಮಣ್ಣು ತುಂಬಿ ಹುಲ್ಲು ಬೆಳೆಸಿದ್ದರು. ಅಡಿಯಲ್ಲಿ ತೂಕದ ಯಂತ್ರ. ತೂಕ ಇಳಿದಷ್ಟು ನೀರು ಗಾಳಿಗೆ ಹೋಯಿತು ಎಂದು ಲೆಕ್ಕ; ಏರಿದರೆ ಮಳೆ ಬಂತು ಎಂದು. ಎಂಟು ತಿಂಗಳಿಂದ ಅದು ದಿನಾ ಒಂದು ಗಂಟೆಗೆ ನೂರಿಪ್ಪತ್ತೊಂದು ಕಿಲೋ ಏರುತ್ತಿತ್ತು. ಭಾನುವಾರ ಮಾತ್ರ ಇಲ್ಲ.

ಅವಳು ಬಸ್ಸಿಳಿದು ಹೋದಾಗ ಸರಿಯಾಗಿ ಒಂದು ಗಂಟೆ. ಹುಲ್ಲಿನ ಮೇಲೆ ಒಂದು ಕೊಡೆ, ಎರಡು ಬುತ್ತಿ ಡಬ್ಬಿ, ಮಾಮ, ಪಕ್ಕದಲ್ಲಿ ಟಪಾಲು ಹಂಚುವ ಹೆಂಗಸು.

"ಮಾಮ!"

ಮಾಮ ಚಂಗನೆ ಎದ್ದು ಹುಲ್ಲಿನಿಂದಾಚೆ ಹಾರಿದ. "ಇವರು... ಟಪಾಲು ಕೊಡೋಕೆ ಬಂದಿದ್ರು."

"ಎಂಟು ತಿಂಗಳಿಂದ, ದಿನಾ ಮುಕ್ಕಾಲು ಗಂಟೆ?"

"ಯಾರೇ ಹೇಳಿದ್ದು ನಿಂಗೆ?"

"ಅಡೀಲಿರೋ ಯಂತ್ರ ಮರೆತ್ಯಾ? ಆ ಹುಲ್ಲೇ ಹೇಳ್ತು. ತೂಕದ ಸಮೇತ."

ಅಂಚೆಯಾಕೆ ಕೂತಲ್ಲೇ ನಕ್ಕಳು. "ಅಯ್ಯೋ, ನನ್ನ ತೂಕ ಯಾರಿಗೂ ಹೇಳ್ಬೇಡಮ್ಮ."

"ಮಾಮ, ಬುತ್ತಿ, ಕೊಡೆ ಕಳೆದ್ರೆ ಐವತ್ತೈದು. ನಮ್ಮ ಆಫೀಸಿಗೆಲ್ಲ ಗೊತ್ತಾಗಿದೆ."

"ಅಕ್ಕನಿಗೆ, ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ ಕಣೇ," ಎಂದು ಮಾಮ ಗೋಗರೆದ. "ಇಷ್ಟು ವರ್ಷ ಮದುವೆ ಬೇಡ ಬೇಡ ಅಂದು ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ಗೆದ್ದೆ ಅಂತ ಕುಣೀತಾಳೆ."

"ಕುಣೀಲಿ ಬಿಡಿ," ಎಂದಳು ಅಂಚೆಯಾಕೆ, ನಗು ನಿಲ್ಲಿಸಿ. "ನಿಮ್ಮ ಹಟಕ್ಕೆ ನಾನೆಷ್ಟು ದಿನ ಬಿಸಿಲಲ್ಲಿ ಕೂರ್ಲಿ?"

ಮಾಮ ಜೇಬಿನಿಂದ ಫೋನ್ ತೆಗೆದ. ತಾನೇ ಅಕ್ಕನಿಗೆ ಕರೆ ಮಾಡಿದ. ಹತ್ತು ನಿಮಿಷ ಬೈಗುಳ ಕೇಳಿದ. ಕೊನೆಗೆ ಅಕ್ಕ, "ಆ ಅಂಚೆಯವಳ ಕೈಗೆ ಕೊಡು" ಎಂದಳು. ಅಂಚೆಯಾಕೆ ಫೋನ್ ಹಿಡಿದು ಒಳಗೆ ಹೋದಳು.

ಅಕ್ಕನ ಮಗಳೂ ಒಳಗೆ ಕೂತು ಎಂಟು ತಿಂಗಳ ಒಂದು ಗಂಟೆಯ ಅಂಕಿಗಳನ್ನೆಲ್ಲ ಅಳಿಸಿ, ಕಂಪ್ಯೂಟರಿಗೆ ಮೊದಲಿಂದ ಪಾಠ ಹೇಳಿದಳು. ಸಂಜೆಯೊಳಗೆ ಹಿಮದ ಊರಲ್ಲಿ ಮಳೆ ನಿಂತಿತು. ಹೊರಗೆ ಮಾಮ ಹುಲ್ಲಿನ ಸುತ್ತ ಬೇಲಿಗೂಟ ಹೊಡೆಯುತ್ತಿದ್ದ.

"ಇನ್ನೂ ಮಾತಾಡ್ತಿದ್ದಾರಾ?" ಎಂದು ಕಿಟಕಿಯಲ್ಲಿ ಇಣುಕಿದ.

"ಹೂಂ."

"ಯಾರ ವಿಷಯ?"

"ನಿಂದೇ."

ಮಾಮ ಸುತ್ತಿಗೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ.