ಪ್ರಶಾಂತತೆ ಯಾರದು?

ಎಲಿಸೆಯೊ ಮೂವತ್ತೆಂಟು ವರ್ಷ ಆರ್ಡರ್ ಬರೆದುಕೊಳ್ಳದೆ ಬಡಿಸಿದ. ಬ್ಯೂನಸ್ ಐರಿಸ್‌ನ ಹಳೆಯ ಕಾಫಿ ಅಂಗಡಿಗಳಲ್ಲಿ ಮಾಣಿ ಕೈಯಲ್ಲಿ ಚೀಟಿ ಹಿಡಿದರೆ, ಹೊಸಬ ಅಂತಲೋ ಕುಡಿದಿದ್ದಾನೆ ಅಂತಲೋ ಜನ ತಿಳಿದುಕೊಳ್ಳುತ್ತಾರೆ. ಯಾರಿಗೆ ಯಾವ ತಟ್ಟೆ ಅಂತ ಮೇಜಿನ ಮುಂದೆ ನಿಂತು ಕೇಳುವುದಂತೂ ಇನ್ನೂ ಅವಮಾನ.

ಅವನು ಬಡಿಸುವ ಅಂಗಡಿಯಲ್ಲೇ ನಾನು ಕಾಫಿ ಯಂತ್ರದ ಹಿಂದೆ ಒಂಬತ್ತು ವರ್ಷದಿಂದ ಇದ್ದೇನೆ. ಬೊಯೆದೊ ಬೀದಿಗೆ ಬೆನ್ನು, ಗೋಡೆಗೆ ಮುಖ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಕೆಲವು ದಿನ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯರ ಮಾತೆಂದರೆ ಎಲಿಸೆಯೊ ಬೆನ್ನ ಹಿಂದೆ ಬಂದು ಕೂಗುತ್ತಿದ್ದದ್ದು ಮಾತ್ರ: ಹಾಲು ಬೆರೆಸಿದ ಪುಟ್ಟ ಕೊರ್ತಾದೊ ಕಾಫಿ, ಅರ್ಧಚಂದ್ರದ ಮೆದಿಯಾಲೂನಾ ಬನ್ನು, ತೋಸ್ತಾದೊ ಅನ್ನುವ ಸುಟ್ಟ ಸ್ಯಾಂಡ್‌ವಿಚ್.

"ಗ್ರಿಸೆಲ್! ಎರಡು ಕೊರ್ತಾದೊ, ಒಂದಕ್ಕೆ ಹಾಲು ಕಮ್ಮಿ. ಆರು ಮೆದಿಯಾಲೂನಾ. ಒಂದು ತೋಸ್ತಾದೊ, ವಕೀಲರಿಗೆ, ಕರಕಲು ಮಾಡ್ಬೇಡ, ಹಲ್ಲಿಲ್ಲ ಪಾಪ!"

ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ಮಾಲೀಕರು ಅಂಗಡಿಯನ್ನು ಅಳಿಯ ಡಮಿಯಾನ್‌ಗೆ ಬಿಟ್ಟರು. ಡಮಿಯಾನ್ ಹೊಸ ಮೆನು ಮಾಡಿಸಿದ. ಬೆಳಗಿನ ತಿಂಡಿಗೆ ಏಳು ಹೆಸರು: ಪ್ರಶಾಂತತೆ, ಸಾಮರಸ್ಯ, ಪರಿಪೂರ್ಣತೆ, ಸಮತೋಲನ, ಹಗುರತೆ, ಕೃತಜ್ಞತೆ, ನವಚೈತನ್ಯ. ಸಾಮರಸ್ಯ ಅಂದರೆ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು, ಅದರ ಮೇಲೊಂದು ಮೊಟ್ಟೆ. ಪ್ರಶಾಂತತೆ ಅಂದರೆ ಒಂದು ಬಟ್ಟಲು ಮೊಸರಿನ ಮೇಲೆ ಹಣ್ಣು. ಹಗುರತೆಯೂ ಒಂದು ಬಟ್ಟಲು ಮೊಸರೇ, ಹಣ್ಣು ಬೇರೆ. ತಟ್ಟೆ ಇಡುವಾಗ ಮಾಣಿ ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅದು ಡಮಿಯಾನ್‌ನ ನಿಯಮ.

ಮೊದಲ ವಾರ ಎಲಿಸೆಯೊ ಮೂರು ಮೇಜಿನ ತಟ್ಟೆ ಅದಲುಬದಲು ಮಾಡಿದ. ಒಂಬತ್ತು ವರ್ಷದಲ್ಲಿ ಅವನು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ವಯಸ್ಸಾಯ್ತು ಬಿಡು," ಅಂದ ಡಮಿಯಾನ್. "ಚೀಟಿ ಪುಸ್ತಕ ಇಟ್ಕೊ. ಅದ್ರಲ್ಲಿ ನಾಚ್ಕೆ ಏನು?"

"ಈ ಭಾನುವಾರದವರೆಗೆ ಬಿಡಿ ಸ್ವಾಮಿ."

"ಭಾನುವಾರ ಒಂದೇ ಒಂದು ಮೇಜು ತಪ್ಪಿದ್ರೂ ಸೋಮವಾರದಿಂದ ಪುಸ್ತಕ."

ವಯಸ್ಸಲ್ಲ ಅಂತ ನನಗೆ ಗೊತ್ತಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಮನಃಶಾಸ್ತ್ರ ಓದಿ ಬಿಟ್ಟವಳು. ಅಲ್ಲಿ ಒಮ್ಮೆ ಮೇಷ್ಟ್ರು ಹದಿನೈದು ಪದ ಓದಿ, ನೆನಪಿದ್ದಷ್ಟು ಬರೆಯಿರಿ ಅಂದರು. ಕಿತ್ತಳೆ, ಸುತ್ತಿಗೆ, ನಾಯಿ ಎಲ್ಲರ ಹಾಳೆಯಲ್ಲೂ ಇದ್ದವು. ಉದ್ದೇಶ, ಸಂಪ್ರದಾಯ, ನಿಷ್ಪಕ್ಷಪಾತ ಅರ್ಧ ಜನರ ಹಾಳೆಯಲ್ಲಿ ಇರಲಿಲ್ಲ. ಕಣ್ಣಿಗೆ ಕಾಣುವ ಪದ ತಲೆಯಲ್ಲಿ ಕೂರುತ್ತದೆ, ಕಾಣದ್ದು ಜಾರುತ್ತದೆ. ಚಿಕ್ಕ ಪದಗಳು ತಲೆಯಲ್ಲಿ ಹೆಚ್ಚು ಹಿಡಿಸುತ್ತವೆ, ಉದ್ದ ಪದಗಳು ಕಡಿಮೆ.

ಎಲಿಸೆಯೊ ಈ ಪಾಠ ಕಲಿಯದೆಯೇ ಅದರ ಮೇಲೆ ಬದುಕಿದ್ದ. ಕಿಟಕಿ ಬದಿಯ ಮೇಜಿನಿಂದ ನನ್ನ ಯಂತ್ರಕ್ಕೆ ಹನ್ನೆರಡು ಹೆಜ್ಜೆ. ಅಷ್ಟರಲ್ಲಿ ಅವನು ಪಟ್ಟಿಯನ್ನು ತುಟಿಯೊಳಗೆ ಎರಡು ಸಲ ಹೇಳಿಕೊಳ್ಳುತ್ತಿದ್ದ. ಈಗ ಹನ್ನೆರಡು ಹೆಜ್ಜೆಗೆ ಒಂದು ಸಲವೂ ಪೂರ್ತಿಯಾಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಅವನನ್ನು ಕೂರಿಸಿಕೊಂಡೆ.

"ಒಂದೊಂದು ಹೆಸರಿಗೂ ಒಂದು ಚಿತ್ರ ಕಟ್ಕೊ. ಯಾರದಾದ್ರೂ ಮುಖ. ಪ್ರಶಾಂತತೆ ಅಂದ್ರೆ ಯಾರು ಕಾಣ್ತಾರೆ?"

ಅವನು ಯೋಚಿಸಿದ. "ಚಕರೀತಾ ಸ್ಮಶಾನದಲ್ಲಿ ಮಲಗಿರೋರು."

"ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ನಂಗೆ ಗೊತ್ತಿರೋ ಪ್ರಶಾಂತವಾಗಿರೋರೆಲ್ಲ ಅಲ್ಲೇ ಇದಾರೆ."

"ಸರಿ, ಸ್ಮಶಾನನೇ ಇರ್ಲಿ. ಸಾಮರಸ್ಯ?"

"ಅದಕ್ಕೆ ಇಬ್ರು ಬೇಕಲ್ಲ. ನಮ್ಮನೇಲಿ ಇರೋದು ನಾನೊಬ್ನೇ." ಅವನು ನನ್ನ ಮುಖ ನೋಡಿದ. "ನೀನು ಹೇಳು, ನಿಂಗ್ಯಾರು ಕಾಣ್ತಾರೆ?"

ನನಗೂ ಯಾರೂ ಕಾಣಲಿಲ್ಲ. ಲೋಟ ಒರೆಸಿದೆ. ಸ್ಮಶಾನ ಬಿಟ್ಟರೆ ಇನ್ನೆರಡಕ್ಕೆ ಮಾತ್ರ ಮುಖ ಸಿಕ್ಕಿತು: ಹಗುರತೆಗೆ ಅವನ ಸತ್ತುಹೋದ ನಾಯಿ, ಕೃತಜ್ಞತೆಗೆ ಒಮ್ಮೆಯೂ ಥ್ಯಾಂಕ್ಸ್ ಹೇಳದ ವಕೀಲ. ಉಳಿದವನ್ನು ತಿಂಡಿಯ ರೂಪದಲ್ಲೇ ಹಿಡಿದುಕೊಳ್ಳುತ್ತೇನೆ, ಮೇಜಿನ ಹತ್ತಿರ ಮತ್ತೆ ಹೆಸರಾಗಿ ಬದಲಿಸುತ್ತೇನೆ ಅಂದ. ಎರಡೆರಡು ಕೆಲಸ. ಆದರೂ ಆಗಬಹುದು ಅನ್ನಿಸಿತು.

ಭಾನುವಾರ ಹನ್ನೊಂದರವರೆಗೆ ಎಲ್ಲ ಸರಿಯಾಯಿತು. ಅವನ ದನಿ ಹಳೆಯ ದನಿಯಾಗಿತ್ತು. ಆಮೇಲೆ ವ್ಯಾಯಾಮದ ತರಗತಿ ಮುಗಿಸಿದ ಆರು ಹೆಂಗಸರು ಬಂದು ಕಿಟಕಿ ಬದಿ ಕೂತರು. ಒಬ್ಬೊಬ್ಬರೂ ಒಂದೊಂದು ಹೇಳಿ, ಬದಲಿಸಿ, ಮತ್ತೆ ಬದಲಿಸಿದರು. ಎಲಿಸೆಯೊ ಕೈ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದ. ಯಂತ್ರದ ಹತ್ತಿರ ಬಂದು ಆರನ್ನೂ ಒಂದೇ ಉಸಿರಿಗೆ ಕೂಗಿದ.

ತಟ್ಟೆಗಳೊಂದಿಗೆ ಹೋದ. ನಾನು ಈ ಸಲ ತಿರುಗಿ ನೋಡಿದೆ. ನಾಲ್ಕನ್ನು ಹೆಸರು ಹೇಳಿ ಸರಿಯಾಗಿ ಇಟ್ಟ. ಎರಡು ಕೈಯಲ್ಲಿ ಎರಡು ಮೊಸರಿನ ಬಟ್ಟಲು ಉಳಿದವು. ಎಡಗೈ ಮುಂದೆ ಹೋಯಿತು, ಹಿಂದೆ ಬಂತು. ಗೋಡೆಯ ಪಕ್ಕ ಡಮಿಯಾನ್ ನಿಂತಿದ್ದ.

"ಪ್ರಶಾಂತತೆ ಯಾರದು?" ಅಂತ ಎಲಿಸೆಯೊ ಕೇಳಿದ.

"ನಮ್ಮಲ್ಲಿ ಯಾರಿಗೂ ಇಲ್ಲಪ್ಪ!" ಅಂತ ಒಬ್ಬಳು ನಕ್ಕಳು. ಪಕ್ಕದವಳು, "ನಾನು ಹೇಳಿದ್ದು ಹಗುರತೆನಾ? ಅಲ್ಲ, ನೀನಲ್ವಾ ಹೇಳಿದ್ದು?" ಅಂದಳು. ಇಬ್ಬರೂ ಮೆನು ಬಿಡಿಸಿ ನೋಡಿದರು. ಅವರಿಗೇ ನೆನಪಿರಲಿಲ್ಲ. ಕೊನೆಗೆ ಸ್ಟ್ರಾಬೆರಿ ಇದ್ದದ್ದನ್ನು ಒಬ್ಬಳು ತೆಗೆದುಕೊಂಡಳು.

ಮಧ್ಯಾಹ್ನ ನಾನು ಡಮಿಯಾನ್ ಹತ್ತಿರ ಹೋದೆ. "ಏನು ಹೇಳಿದ್ವಿ ಅಂತ ಆ ಹೆಂಗಸ್ರಿಗೇ ಗೊತ್ತಿರ್ಲಿಲ್ಲ. ತಪ್ಪು ಹೆಸರುಗಳದ್ದು, ಅವನದ್ದಲ್ಲ."

"ಅವ್ರಿಗೆ ಗೊತ್ತಿರ್ಬೇಕಾಗಿಲ್ಲ ಗ್ರಿಸೆಲ್. ಅವ್ರು ತಿನ್ನೋಕೆ ಬಂದೋರು."

ನಾನು ಯಂತ್ರದ ಹತ್ತಿರ ವಾಪಸ್ ಹೋದೆ.

ಸೋಮವಾರದಿಂದ ಎಲಿಸೆಯೊ ಬರೆದುಕೊಳ್ಳುತ್ತಾನೆ. ತಪ್ಪುವುದಿಲ್ಲ. ಅಕ್ಷರ ಚೆನ್ನಾಗಿದೆ, ಶಾಲೆಯ ಹುಡುಗನ ಹಾಗೆ ದುಂಡಗೆ. ಎರಡನೆಯ ದಿನ ವಕೀಲರು ಕೇಳಿದರಂತೆ, "ನನ್ನ ತೋಸ್ತಾದೊನೂ ಬರ್ಕೋತೀಯೇನಯ್ಯ?" ಇವನು "ಎಲ್ಲಾ ಬರೀಬೇಕು" ಅಂದನಂತೆ. ಆಮೇಲಿಂದ ಅವರೂ ಪತ್ರಿಕೆ ಓದುತ್ತಲೇ ಆರ್ಡರ್ ಹೇಳುತ್ತಾರೆ. ಇವನು ಪುಸ್ತಕ ನೋಡುತ್ತ ಬರೆಯುತ್ತಾನೆ.

ಯಂತ್ರದ ಪಕ್ಕ ಡಮಿಯಾನ್ ಒಂದು ಮೊಳೆ ಹೊಡೆಸಿದ್ದಾನೆ. ಎಲಿಸೆಯೊ ಬಂದು ಚೀಟಿಯನ್ನು ಅದಕ್ಕೆ ಚುಚ್ಚಿ ಹೋಗುತ್ತಾನೆ. ಕೂಗುವ ಅಗತ್ಯ ಇಲ್ಲ. ಮೊದಲ ವಾರ ನಾನು "ಏನಿದೆ?" ಅಂತ ಕೇಳುತ್ತಿದ್ದೆ. ಅವನು, "ಬರ್ದಿದೀನಲ್ಲ," ಅನ್ನುತ್ತಿದ್ದ.

ಈಗ ಕೇಳುವುದಿಲ್ಲ. ಕಾಗದ ಮೊಳೆಗೆ ಸಿಕ್ಕುವ ಸದ್ದಿಗೆ ಕೈ ಒರೆಸಿಕೊಂಡು ತಿರುಗುತ್ತೇನೆ. ಓದುತ್ತೇನೆ. ಹಾಲು ಕಾಯಿಸುತ್ತೇನೆ.